ಮನುಷ್ಯರಿದ್ದರೆ ಸಾಕು

ಬಸ್ ಕಂಡಕ್ಟರ್ ಆಗಿದ್ದ ಅವಳನ್ನು ಬೀದಿಯವರೆಲ್ಲ ಸೀಟಿಯಕ್ಕ ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ ಅವಳು ಸೀಟಿ ಊದಿದ್ದೇ ಕಡಿಮೆ, ಗಂಟಲೇ ಸಾಕಿತ್ತು. ಅವಳು "ಹೋಲ್ಡಾನ್" ಅಂದರೆ ಹಿಂದೆ ಬರುವ ಬಸ್ಸೂ ನಿಲ್ಲುತ್ತದೆ ಎಂದು ಡ್ರೈವರುಗಳು ತಮಾಷೆ ಮಾಡುತ್ತಿದ್ದರು. ಯಾರು ಏನು ಕೇಳಿದರೂ ಮೊದಲು ತಲೆಯನ್ನು ಅಡ್ಡಡ್ಡ ಆಡಿಸುವುದು ಅವಳ ಇನ್ನೊಂದು ಗುಣ. ಚಿಲ್ಲರೆ ಕೇಳಿದರೆ ಇಲ್ಲ, ಸೀಟು ಕೇಳಿದರೆ ಇಲ್ಲ, ಸ್ಟಾಪಿಲ್ಲದ ಕಡೆ ಇಳಿಸಿ ಎಂದರೆ ಇಲ್ಲವೇ ಇಲ್ಲ. ಆಮೇಲೆ ಗೊಣಗಿಕೊಂಡು ಎಲ್ಲವನ್ನೂ ಮಾಡಿಕೊಡುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದ್ದೂ ಹಾಗೆಯೇ, ಆಗಲ್ಲ ಆಗಲ್ಲ ಎನ್ನುತ್ತಲೇ.

ಅಂಥವಳಿಗೆ ಲಕ್ವ ಹೊಡೆಯಿತು. ಎಲ್ಲಿ ಹೊಡೆದರೆ ಹೆಚ್ಚು ನೋಯುತ್ತದೆಂದು ನೋಡಿಯೇ ಹೊಡೆದ ಹಾಗೆ, ಮೊದಲು ಮಾತನ್ನೇ ಕಿತ್ತುಕೊಂಡಿತು. ಕೈಕಾಲು ಕೊರಡಾದವು. ಉಳಿದದ್ದು ಕಣ್ಣು, ಕತ್ತು.

ತಂಗಿಗೆ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಒದ್ದೆ ಹಾಸುಬಟ್ಟೆಗಳನ್ನು ಬಿಸಿ ರೋಲರಿಗೆ ಕೊಡುತ್ತಿರಬೇಕು. ಬಿಟ್ಟರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಮನೆಯೆಂದರೆ ಒಂದು ಅಡುಗೆಮನೆ, ಅದರ ಹಿಂದೆ ಕಿಟಕಿಯಿಲ್ಲದ ಒಂದು ಕೋಣೆ. ಮಧ್ಯಾಹ್ನ ಎದುರುಮನೆಯಾಕೆ ಬಂದು ಅಕ್ಕನಿಗೆ ಊಟ ಮಾಡಿಸಿ, ಮಗ್ಗುಲು ಬದಲಿಸಿ ಹೋಗುತ್ತಿದ್ದಳು. ಉಳಿದ ಹೊತ್ತೆಲ್ಲ ಅಕ್ಕ ಒಬ್ಬಳೇ. ಫ್ಯಾನು ಹಾಕಿಟ್ಟು ಹೋದರೆ ಬೆಳಗಿನ ತಂಪಿಗೆ ನಡುಗುತ್ತಿದ್ದಳು, ಆರಿಸಿ ಹೋದರೆ ಮಧ್ಯಾಹ್ನದ ಸೆಕೆಗೆ ಬೇಯುತ್ತಿದ್ದಳು. ಒಂದು ಸ್ವಿಚ್ಚು ಒತ್ತಲು ಒಂದು ಬೆರಳಿಲ್ಲವಲ್ಲ ಎಂದು ತಂಗಿಗೆ ರೋಲರಿನ ಮುಂದೆ ನಿಂತಾಗಲೂ ಅದೇ ಯೋಚನೆ.

ದೀಪ, ಫ್ಯಾನುಗಳನ್ನು ತಾನೇ ನೋಡಿಕೊಳ್ಳುವ ಯಂತ್ರಗಳು ಬಂದಿವೆ ಎಂದು ಲಾಂಡ್ರಿಯಲ್ಲಿ ಯಾರೋ ಹೇಳಿದರು. ತಂಗಿ ಎಲೆಕ್ಟ್ರಿಕ್ ಅಂಗಡಿಗೆ ಹೋದಳು. ಅಂಗಡಿಯವನು ಮೇಜಿನ ಮೇಲೆ ಮೂರು ಡಬ್ಬಿ ಇಟ್ಟ.

"ಇದು ಮಾತು ಕೇಳುತ್ತೆ. ಫ್ಯಾನ್ ಹಾಕು ಅಂದ್ರೆ ಹಾಕುತ್ತೆ."

"ನಮ್ಮಕ್ಕನಿಗೆ ಮಾತು ಹೋಗಿದೆ."

"ಹಾಗಾದ್ರೆ ಇದು. ಫೋನಲ್ಲಿ ಒತ್ತಿದ್ರಾಯ್ತು."

"ಕೈಯೂ ಆಡಲ್ಲ."

ಅವನು ಆ ಎರಡನ್ನೂ ಬದಿಗೆ ಸರಿಸಿ ಮೂರನೆಯದನ್ನು ಮುಂದಕ್ಕೆ ತಳ್ಳಿದ. "ಹೊಸದಾಗಿ ಹಾಕಿಸೋರಿಗೆ ಇದೇ ಸುಲಭ, ಅಕ್ಕ. ಗೋಡೆಗೆ ಒಂದು ಕಣ್ಣು ಕೂರಿಸ್ತೀವಿ. ಸೆಕೆ ನೋಡಿ ಫ್ಯಾನ್ ಹಾಕುತ್ತೆ, ತಂಪಾದ್ರೆ ಆರಿಸುತ್ತೆ. ಕೋಣೇಲಿ ಯಾರೂ ಇಲ್ಲ ಅಂದ್ರೆ ದೀಪ, ಫ್ಯಾನು ಎರಡನ್ನೂ ಆರಿಸುತ್ತೆ. ಮಾತೂ ಬೇಡ, ಬೆರಳೂ ಬೇಡ. ಮನುಷ್ಯರಿದ್ರೆ ಸಾಕು."

"ನಮ್ಮಕ್ಕ ಎಲ್ಲಿಗೂ ಎದ್ದು ಹೋಗಲ್ಲ ಬಿಡಿ," ಎಂದಳು ತಂಗಿ. ಅಂಗಡಿಯವನ ಕೊನೆಯ ಮಾತು ಅವಳಿಗೆ ಹಿಡಿಸಿಬಿಟ್ಟಿತ್ತು. ಬದುಕಿದ್ದರೆ ಸಾಕು, ಇನ್ನೇನನ್ನೂ ಕೇಳುವುದಿಲ್ಲ ಎನ್ನುವ ಯಂತ್ರ. ಮನುಷ್ಯರಿದ್ದಾರೆಂದು ಆ ಕಣ್ಣಿಗೆ ಹೇಗೆ ತಿಳಿಯುತ್ತದೆ ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮೊದಮೊದಲು ನೋಡುವವರಿಗೆ ಎಲ್ಲ ಸರಿಯಾಗಿಯೇ ಇತ್ತು. ಸಂಜೆ ಬಂದು ಕೋಣೆಯ ಬಾಗಿಲು ತೆಗೆದರೆ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಫೋನಿನಲ್ಲಿ ಒಂದು ಹಸಿರು ಎಲೆ ಮೂಡಿ, ಇವತ್ತು ಕರೆಂಟು ಚೆನ್ನಾಗಿ ಉಳಿಸಿದ್ದೀರಿ ಎಂದು ಹೊಗಳುತ್ತಿತ್ತು. ತಂಗಿ ಆ ಎಲೆಯನ್ನು ಲಾಂಡ್ರಿಯಲ್ಲಿ ಎಲ್ಲರಿಗೂ ತೋರಿಸಿ ಬೀಗಿದಳು.

ಆದರೆ ಅಕ್ಕ ತಲೆ ಆಡಿಸಲು ಶುರು ಮಾಡಿದ್ದಳು. ದಿಂಬಿನ ಮೇಲೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ, ಸ್ವಲ್ಪ ಬಿಟ್ಟು ಮತ್ತೆ.

"ಒಂದೇ ಸಮ ಬೇಡ ಬೇಡ ಅಂತಾಳೆ ಕಣೇ. ಏನು ಬೇಡವೋ," ಎಂದಳು ಎದುರುಮನೆಯಾಕೆ.

"ಅವಳದ್ದು ಹಳೇ ಚಾಳಿ. ಹೊಸದೇನು ತಂದ್ರೂ ಮೊದಲು ಬೇಡ ಅನ್ನಲೇಬೇಕು," ಎಂದು ತಂಗಿ ನಕ್ಕಳು.

ನಗುವ ವಿಷಯವಾಗಿರಲಿಲ್ಲ. ಉಜ್ಜಿ ಉಜ್ಜಿ ಅಕ್ಕನ ತಲೆಯ ಹಿಂಭಾಗದಲ್ಲಿ ಕೂದಲು ಉದುರಿತು, ಚರ್ಮ ಕೆಂಪಾಯಿತು. ಡಾಕ್ಟರು ಇದು ತಳಮಳ ಎಂದು ಹೇಳಿ, ಶಾಂತವಾಗಿ ಮಲಗಲು ಮಾತ್ರೆ ಬರೆದುಕೊಟ್ಟರು. ತಂಗಿ ಅದನ್ನು ಪುಡಿ ಮಾಡಿ ನೀರಿನಲ್ಲಿ ಕಲಸಿ, ಮುದ್ದು ಮಾಡಿ ಕುಡಿಸಿದಳು. ತಲೆ ಆಡುವುದು ನಿಂತಿತು. ಅವತ್ತಿನಿಂದ ಸಂಜೆ ಬಂದು ನೋಡಿದರೆ ಹಾಸಿಗೆ ಬೆವರಿನಲ್ಲಿ ತೊಯ್ದಿರುತ್ತಿತ್ತು. ಹಣೆ ಮುಟ್ಟಿದರೆ ಜ್ವರವಿಲ್ಲ. ಹಗಲೆಲ್ಲ ಹೋಟೆಲಿನ ಹಾಸುಬಟ್ಟೆ, ಸಂಜೆ ಅಕ್ಕನದ್ದು; ತಂಗಿ ಒಗೆದು ಹಾಕುತ್ತಲೇ ಇದ್ದಳು.

ರಜೆಯ ದಿನ ಮಧ್ಯಾಹ್ನ ಅವಳು ಅಕ್ಕನ ಪಕ್ಕ ನೆಲದ ಮೇಲೆ ಕುಳಿತು ಗೋಡೆಗೊರಗಿ ಕಣ್ಣು ಮುಚ್ಚಿದ್ದಳು. ನಿದ್ದೆ ಬಂದಿರಲಿಲ್ಲ, ಬೆರಳು ಅಲುಗಿಸಲೂ ಮನಸ್ಸಿರಲಿಲ್ಲ. ಇದ್ದಕ್ಕಿದ್ದ ಹಾಗೆ ರೆಪ್ಪೆಯ ಮೇಲಿನ ಬೆಳಕು ಹೋಯಿತು. ಫ್ಯಾನಿನ ಸದ್ದು ನಿಧಾನವಾಗಿ ಇಳಿದು ನಿಂತಿತು. ಕರೆಂಟು ಹೋಯಿತೆಂದುಕೊಂಡಳು. ಆದರೆ ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತಲೇ ಇತ್ತು. ಸೆಕೆ ಮೈಗೆ ಅಂಟಿಕೊಳ್ಳತೊಡಗಿತು. ಆ ಕತ್ತಲೆಯಲ್ಲಿ ದಿಂಬು ಸರಕ್ಕೆಂದಿತು. ಮಾತ್ರೆಯ ಮಂಪರಿನಲ್ಲಿ ಒಂದು ತಲೆ, ಕಲ್ಲು ಹೊರಳಿದಷ್ಟು ನಿಧಾನವಾಗಿ, ಈ ಕಡೆಯಿಂದ ಆ ಕಡೆಗೆ ಹೊರಳಿತು. ದೀಪ ಹತ್ತಿತು. ಫ್ಯಾನು ತಿರುಗಿತು. ತಂಗಿ ಕಣ್ಣು ತೆರೆದಾಗ ಅಕ್ಕನ ಕಣ್ಣು ಗೋಡೆಯ ಮೇಲಿನ ಕಣ್ಣನ್ನೇ ನೋಡುತ್ತಿತ್ತು.

ತಂಗಿಗೆ ಆಗ ಹೊಳೆಯಿತು. ಅಲುಗಾಡುವವರು ಮಾತ್ರ ಆ ಯಂತ್ರಕ್ಕೆ ಮನುಷ್ಯರು. ಯಾರು ಒಳಗೆ ಬಂದರೂ ಅವರ ಅಲುಗಾಟಕ್ಕೇ ದೀಪ ಹತ್ತಿಕೊಳ್ಳುತ್ತಿತ್ತು, ಹಾಗಾಗಿ ಆ ಕತ್ತಲೆಯನ್ನು ಅಕ್ಕನ ಹೊರತು ಯಾರೂ ಕಂಡಿರಲಿಲ್ಲ. ಒಂದೊಂದು ಉಸಿರು ಗಾಳಿಗೂ ಅವಳು ತಲೆ ಸವೆಸಿದ್ದಳು. ಆ ತಲೆಯನ್ನೂ ತಂಗಿ ತನ್ನ ಕೈಯಾರೆ ಮಾತ್ರೆ ಕುಡಿಸಿ ನಿಲ್ಲಿಸಿದ್ದಳು.

"ಒಂದು ಸಲ ಹೇಳಬಾರದಿತ್ತಾ ಅಕ್ಕಾ" ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ತಂಗಿ ನುಂಗಿಕೊಂಡಳು. ದಿನವಿಡೀ ಹೇಳಿದ್ದಳಲ್ಲ.

ಅವತ್ತೇ ಗೋಡೆಯ ಆ ಕಣ್ಣನ್ನು ಕಿತ್ತುಹಾಕಿಸಿದಳು. ಮಾತ್ರೆ ನಿಂತಿತು. ದೀಪ, ಫ್ಯಾನು ಹಳೆಯ ಸ್ವಿಚ್ಚಿಗೆ ಬಂದವು. ಬಿಸಿಲೇರಿದಾಗ ಬಂದು ಫ್ಯಾನು ಹಾಕಲು ಎದುರುಮನೆಯಾಕೆ ಒಪ್ಪಿದಳು. ಮರುವಾರದ ರಜೆಯಲ್ಲಿ ತಂಗಿ ಅಕ್ಕನ ತಲೆಯ ಹುಣ್ಣಿಗೆ ಮುಲಾಮು ಹಚ್ಚಿ ಪಕ್ಕದಲ್ಲಿ ಕುಳಿತಳು.

"ಇನ್ನು ದೀಪ ಆರಲ್ಲ ಅಕ್ಕ. ಅದನ್ನ ಅವತ್ತೇ ತೆಗೆಸಿಬಿಟ್ಟೆನಲ್ಲ. ನೀನು ಅಲುಗಾಡಬೇಕಾಗಿಲ್ಲ. ಸುಮ್ಮನೆ ಮಲಕ್ಕೋ."

ಅಕ್ಕ ತಂಗಿಯ ಮುಖ ನೋಡಿದಳು. ಆಮೇಲೆ ಅವಳ ಕಣ್ಣು ಗೋಡೆಯಲ್ಲಿ ಉಳಿದಿದ್ದ ಎರಡು ತೂತುಗಳ ಕಡೆ ಹೋಯಿತು. ತಲೆಯನ್ನು ಮೆಲ್ಲಗೆ ಆ ಕಡೆ ಹೊರಳಿಸಿದಳು, ಮತ್ತೆ ಈ ಕಡೆ. ದೀಪ ಉರಿಯುತ್ತಲೇ ಇತ್ತು.