ಎಂಟು ಮೂಳೆ, ಎಂಟು ಬೈಗುಳ

ಮಣಿಕಟ್ಟಿನಲ್ಲಿ ಎಂಟು ಮೂಳೆಗಳಿವೆ. ಅವನ್ನು ನನಗೆ ಕಲಿಸಬೇಕಾಗಿದ್ದ ಮನುಷ್ಯನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಸಿಕೊಳ್ಳುವ ಆಸೆಯೂ ಇಲ್ಲ. ಸಿಟ್ಟು ಇಳಿದರೆ ಮೂಳೆಗಳೂ ಮರೆತುಹೋಗುತ್ತವೇನೋ ಎಂಬ ಭಯ ಬೇರೆ. ಆ ಎಂಟೂ ನನ್ನ ತಲೆಯಲ್ಲಿ ಕೂತದ್ದು ಅವರನ್ನು ಬೈದುಕೊಂಡೇ.

ಆಗ ನಾನು ಕೆಜಿಎಫ್‌ನ ಒಂದು ಕಾಲೇಜಿನಲ್ಲಿ ಫಿಸಿಯೋಥೆರಪಿ ಮೊದಲ ವರ್ಷದಲ್ಲಿದ್ದೆ. ನಮ್ಮೂರು ಕಾಮಸಮುದ್ರದ ಹತ್ತಿರ. ಬೆಳಿಗ್ಗೆ ಎದ್ದು ಮೂರು ಸೀಮೆಹಸುಗಳ ಹಾಲು ಕರೆದು, ಕ್ಯಾನನ್ನು ಡೈರಿಗೆ ಮುಟ್ಟಿಸಿ, ತಲೆ ಬಾಚಿದ್ದೆನೋ ಇಲ್ಲವೋ ನೋಡಿಕೊಳ್ಳದೆ ಬಸ್ಸಿಗೆ ಓಡುತ್ತಿದ್ದೆ. ಬಂಗಾರಪೇಟೆಯಲ್ಲಿ ಇಳಿದು ರೈಲು ಹಿಡಿದು ಕಾಲೇಜಿದ್ದ ಉರಿಗಾಂಗೆ ಬರುವಷ್ಟರಲ್ಲಿ ಒಂದು ದಿನದ ಕೆಲಸ ಮುಗಿಸಿದ ಸುಸ್ತು ಆಗಿರುತ್ತಿತ್ತು. ಕ್ಲಾಸಿಗೆ ಹೋದರೆ ಅನಾಟಮಿ ಸರ್ ಮೂಗು ಅರಳಿಸಿ, "ಓ, ಡೈರಿ ಬಂತು, ಇನ್ನು ಪಾಠ ಶುರು ಮಾಡಬಹುದು" ಅನ್ನುತ್ತಿದ್ದರು. ನಾನು ಉರಿಗಾಂ ಸ್ಟೇಷನ್ನಿನ ನಲ್ಲಿಯಲ್ಲಿ ಕೈಗೆ ಎರಡೆರಡು ಸಲ ಸೋಪು ಹಾಕಿಕೊಂಡು ಬಂದಿರುತ್ತಿದ್ದೆ. ಆದರೂ ಎಲ್ಲರೂ ನಗುತ್ತಿದ್ದರು. ನಗದಿದ್ದರೆ ಇಂಟರ್ನಲ್ ಮಾರ್ಕ್ಸು ಯಾರು ಹಾಕುತ್ತಾರೆ?

ಮಣಿಕಟ್ಟಿನ ಪಾಠದ ದಿನ ಅವರು ಬೋರ್ಡಿನ ಮೇಲೆ ಎಂಟೂ ಮೂಳೆಗಳ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ ಬರೆದರು. "ಈ ಅಕ್ಷರಗಳಿಗೆ ಒಂದು ವಾಕ್ಯ ಇದೆ. ಅದು ಗೊತ್ತಿದ್ದರೆ ಜನ್ಮದಲ್ಲಿ ಮರೆಯಲ್ಲ. ಆದರೆ ಹೆಣ್ಣುಮಕ್ಕಳ ಮುಂದೆ ಹೇಳೋ ಹಾಗಿಲ್ಲ," ಅಂದು ಹುಡುಗರ ಬೆಂಚಿನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಹುಡುಗರೆಲ್ಲ ಗೊಳ್ಳೆಂದರು. ಪ್ರೇಮಿಗಳ ಬಗ್ಗೆ ಏನೋ ಪೋಲಿ ವಾಕ್ಯವಂತೆ. ನಾವು ಹದಿನಾಲ್ಕು ಹುಡುಗಿಯರು ತಲೆ ತಗ್ಗಿಸಿಕೊಂಡು ಎಂಟು ಅಕ್ಷರ ಬರೆದುಕೊಂಡೆವು. ಬೀಗ ನಮಗೆ, ಬೀಗದ ಕೈ ಅವರಿಗೆ. ನಾನು ಕೈ ಎತ್ತಿ, "ನಮಗೂ ಏನಾದ್ರೂ ಒಂದು ಹೇಳಿ ಸರ್," ಅಂದೆ. "ನಿಮ್ಮಣ್ಣನ್ನ ಕೇಳು," ಅಂದರು.

ನಮ್ಮಣ್ಣನನ್ನು ಕೇಳುವುದಂತೆ! ಅವನು ಗೂಡ್ಸ್ ಆಟೋ ಓಡಿಸುತ್ತಾನೆ. ಅಪ್ಪ ಹೋದಮೇಲೆ ಮನೆಗೆ ತಾನೇ ಯಜಮಾನ ಅಂದುಕೊಂಡವನು. ಮೂರು ಹಸುಗಳ ಹಾಲಿನ ದುಡ್ಡಿನಲ್ಲಿ ಉಣ್ಣುತ್ತಾನೆ, ಆದರೆ ಕೆಚ್ಚಲಿಗೆ ಕೈ ಹಾಕುವುದು ಗಂಡಸಿನ ಕೆಲಸವಲ್ಲ ಅಂತ ಅವನ ತೀರ್ಮಾನ. ಬೆಳಗಿನ ಹಾಲು ನನ್ನದು, ಸಂಜೆಯದು ಅಮ್ಮನದು. ಆ ಲೆಕ್ಕ ಯಾರು ಮಾಡಿದರೋ ಗೊತ್ತಿಲ್ಲ, ನನಗೆ ಬುದ್ಧಿ ಬಂದಾಗಿನಿಂದ ಹಾಗೇ ಇತ್ತು.

ಇಂಗ್ಲಿಷ್ ವಾಕ್ಯ ಸಿಗದ ಮೇಲೆ ನಾನು ನನ್ನದೇ ದಾರಿ ಹುಡುಕಿಕೊಂಡೆ. ಹಾಲು ಕರೆಯುವಾಗ ಹಸುವಿನ ಮೈಮೇಲೆ ಕೈಯಾಡಿಸಿ ಮೂಳೆಗಳನ್ನು ಒಪ್ಪಿಸತೊಡಗಿದೆ. ನಮ್ಮ ಕಂದು ಹಸು ಸಾಧು, ಎಲ್ಲಿ ಒತ್ತಿದರೂ ಸುಮ್ಮನಿರುತ್ತಿತ್ತು. ಹೆಗಲ ಹಲಗೆ, ಅದರ ಕೆಳಗೆ ತೋಳಿನ ಮೂಳೆ, ಅದರ ಕೆಳಗೆ ಮುಂಗೈಯ ಜೋಡಿ. ಹಸುವಿನ ಮುಂಗಾಲಲ್ಲಿ ನಾವು ಮಂಡಿ ಅನ್ನುವುದು ನಿಜವಾಗಿ ಅದರ ಮಣಿಕಟ್ಟು ಅಂತ ಪುಸ್ತಕ ನೋಡಿ ತಿಳಿದಾಗ ಕೊಟ್ಟಿಗೆಯಲ್ಲಿ ಒಬ್ಬಳೇ ನಕ್ಕಿದ್ದೆ. ದಿನಾ ಮೇಲಿಂದ ಕೆಳಗೆ ಒತ್ತಿ ಒತ್ತಿ, ಹೆಸರುಗಳು ಬೆರಳಿನ ತುದಿಗೇ ಬಂದಿದ್ದವು. ನನ್ನಷ್ಟು ಚೆನ್ನಾಗಿ ಯಾರೂ ಓದಿಲ್ಲ ಅಂತ ಒಳಗೊಳಗೇ ಬೀಗುತ್ತಿದ್ದೆ.

ವರ್ಷದ ನಡುವೆ ಕಾಲೇಜಿನದೇ ವೈವಾ ಬಂತು. ಎದುರು ಕೂತು ಬಾಯಲ್ಲಿ ಉತ್ತರ ಹೇಳುವ ಪರೀಕ್ಷೆ. ಸರ್ ಕೇಳಿದ ಮೊದಲ ಪ್ರಶ್ನೆ: "ಭುಜದ ಮೂಳೆಗಳು ಹೇಳು."

ನಾನು ಹೆಗಲ ಹಲಗೆ ಹೇಳಿದೆ, ತೋಳಿನ ಮೂಳೆ ಹೇಳಿದೆ.

"ಇನ್ನೊಂದು?"

"ಅಷ್ಟೇ ಸರ್."

"ಇನ್ನೊಂದು ಸಲ ಯೋಚನೆ ಮಾಡು."

ಕಣ್ಣು ಮುಚ್ಚಿ ಕಂದು ಹಸುವಿನ ಹೆಗಲಿನಿಂದ ಕೆಳಗೆ ಮತ್ತೆ ಕೈಯಾಡಿಸಿದೆ. ಅಲ್ಲಿ ಇನ್ನೇನೂ ಇರಲಿಲ್ಲ. "ಇಲ್ಲ ಸರ್, ಎರಡೇ," ಅಂದೆ, ಅದೂ ಗಟ್ಟಿಯಾಗಿ.

ಅವರು ತಮ್ಮ ಕುತ್ತಿಗೆಯ ಕೆಳಗೆ ಬೆರಳಿಟ್ಟು ತಟ್ಟಿ ತೋರಿಸಿದರು. ಕೊರಳೆಲುಬು! ಕನ್ನಡಿಯಲ್ಲಿ ದಿನಾ ಕಾಣುವ ಮೂಳೆ. ಹಸುವಿಗೆ ಕೊರಳೆಲುಬು ಇರುವುದಿಲ್ಲ. ಅದಕ್ಕಿಲ್ಲದ್ದು ನನ್ನ ಪಟ್ಟಿಗೇ ಬಂದಿರಲಿಲ್ಲ. ಹೇಗೆ ಓದಿದೆ ಅಂತ ಕೇಳಿದಾಗ, ಪೆದ್ದಿ, ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟೆ. ಆಮೇಲೆ ಕೇಳಿದ್ದಕ್ಕೆಲ್ಲ ತಪ್ಪು ತಪ್ಪೇ ಹೇಳಿದೆ. ನನ್ನನ್ನು ಫೇಲ್ ಮಾಡಿದ್ದಕ್ಕೆ ಅವರನ್ನು ದೂರುವುದಿಲ್ಲ. ಮಾರನೇ ದಿನ ಇಡೀ ಕ್ಲಾಸಿನ ಮುಂದೆ, "ಒಬ್ಬಳು ಹಸು ಪರೀಕ್ಷೆ ಪಾಸಾಗಿದ್ದಾಳೆ, ಮನುಷ್ಯರದ್ದು ಬಾಕಿ ಇದೆ," ಅಂದರಲ್ಲ, ಅದಕ್ಕೆ ದೂರುತ್ತೇನೆ. ಅವತ್ತಿನಿಂದ ಹುಡುಗರು ನನ್ನನ್ನು ಕಂಡರೆ ಅಂಬಾ ಅನ್ನುತ್ತಿದ್ದರು. ಚಿಕ್ಕ ಮಕ್ಕಳೂ ಅಲ್ಲ, ಮೀಸೆ ಬಂದ ಕತ್ತೆಗಳು.

ಮನೆಯಲ್ಲಿ ಅಣ್ಣನಿಗೆ ಹಬ್ಬ. ಆಟೋ ಒರೆಸುತ್ತಾ ಅಂದ: "ಈ ಕಿತ ಆಯ್ತು. ಇನ್ನೊಂದ್ ಕಿತ ಫೇಲಾದ್ರೆ ಮುಗೀತು ನೋಡ್ಲೇ, ನಿನ್ ಬಸ್ ಪಾಸ್ ಅರ್ದು ಒಲೆಗಾಕ್ತೀನಿ. ಕೊಟ್ಟಿಗೆ ಐತೆ, ಅಸು ಅವೆ, ಸುಮ್ಕೆ ಬಿದ್ದಿರು."

"ಪಾಸಾದ್ರೆ?" ಅಂದೆ.

"ಪಾಸಾದ್ರೆ ಎಲ್ಲಿಗಾನ ಓಗು, ಯಾರ್ ಬ್ಯಾಡ ಅಂತಾರೆ?"

ಅಮ್ಮ ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಪಾಸಾದರೆ ಎರಡನೇ ವರ್ಷ. ಬೆಳಿಗ್ಗೆಯೇ ಆಸ್ಪತ್ರೆ ಡ್ಯೂಟಿ ಶುರು, ನಮ್ಮೂರಿನ ಬಸ್ಸು ಅಷ್ಟೊತ್ತಿಗೆ ತಲುಪಿಸುವುದಿಲ್ಲ. ಉರಿಗಾಂನಲ್ಲಿ ರೂಮು ಮಾಡಬೇಕು. ಚಾಂಪಿಯನ್ ರೀಫ್ಸ್‌ನ ಇಕ್ಕಟ್ಟಾದ ಗಣಿ ಲೈನಿನ ಮನೆಯಿಂದ ಬರುವ ಗೆಳತಿಯೊಬ್ಬಳು ಜೊತೆಗಿರಲು ಒಪ್ಪಿದ್ದಳು. ಅಂದರೆ ವರ್ಷದ ಕೊನೆಯ ವೈವಾ ಒಂದನ್ನು ದಾಟಿದರೆ ರೂಮು, ದಾಟದಿದ್ದರೆ ಕೊಟ್ಟಿಗೆ. ನನಗೆ ರೂಮು ಬೇಕಿತ್ತು. ಅಷ್ಟು ಬೇರೆ ಏನನ್ನೂ ನಾನು ಬಯಸಿದ್ದು ನೆನಪಿಲ್ಲ.

ಆ ಗೆಳತಿಯ ಮನೆಯಲ್ಲಿ ತಮಿಳು, ನಮ್ಮ ಮನೆಯಲ್ಲಿ ಅರ್ಧ ತೆಲುಗು ಸೇರಿದ ಕನ್ನಡ. ಒಂದು ಮಧ್ಯಾಹ್ನ ಕಾಲೇಜಿನ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಗಣಿಯವರು ಚಿನ್ನ ತೆಗೆದು ಸುರಿದ ಮಣ್ಣಿನ ಸಯನೈಡ್ ಗುಡ್ಡದ ಕಡೆಯಿಂದ ಧೂಳು ಎದ್ದಿತ್ತು, ಅನ್ನದ ಮೇಲೆ ದುಪಟ್ಟಾ ಮುಚ್ಚಿಕೊಂಡಿದ್ದೆವು. ಸರ್ ನಮ್ಮ ಪಕ್ಕದಲ್ಲೇ ಇಳಿದು ಹೋದರು. ಹೋಗುತ್ತಾ, "ಹಸುಗೆ ಹುಲ್ಲು ಹಾಕಿದ್ಯಾ?" ಅಂದರು. ನನಗೆ ಮೈಯೆಲ್ಲ ಉರಿಯಿತು. ಅವರು ಮರೆಯಾಗುವುದನ್ನೇ ಕಾದು, ಹಲ್ಲು ಕಚ್ಚಿ, "ಸೊಟ್ಟಮೂತಿ," ಅಂದೆ.

ಅಂದಮೇಲೆ ಥಟ್ಟನೆ ಹೊಳೆಯಿತು. ಮೊದಲ ಮೂಳೆ ಸ್ಕೇಫಾಯ್ಡ್. ಸೊಟ್ಟಮೂತಿ.

"ಎರಡನೇದು ಲೂನೇಟ್," ಅಂದಳು ಗೆಳತಿ, ಕಣ್ಣು ಅಗಲ ಮಾಡಿ.

"ಲೂಟಿಕೋರ."

ತುತ್ತು ಕೈಯಲ್ಲೇ ಒಣಗಿತು. ಟ್ರೈಕ್ವೆಟ್ರಲ್‌ಗೆ ತಿಕ್ಕಲು, ಪಿಸಿಫಾರ್ಮ್‌ಗೆ ಪಿಸುರುಗಣ್ಣ. ಅಲ್ಲಿಗೆ ಮೇಲಿನ ಸಾಲಿನ ನಾಲ್ಕು ಮೂಳೆ ಮುಗಿದವು. ಕೆಳಗಿನ ಸಾಲು ಹೆಬ್ಬೆರಳಿನ ಬುಡದಿಂದ ಶುರು. ಟ್ರಪೀಜಿಯಂಗೆ ತರಲೆ, ಟ್ರಪೀಜಾಯ್ಡ್‌ಗೆ ತಲೆಹರಟೆ, ಕ್ಯಾಪಿಟೇಟ್‌ಗೆ ಕ್ಯಾತೆ, ಕೊನೆಯ ಹ್ಯಾಮೇಟ್‌ಗೆ ಹ್ಯಾಪುಮೋರೆ. ಎಂಟಕ್ಕೆ ಎಂಟು, ಒಂದೂ ಸುಳ್ಳಲ್ಲ. ಅವರ ಬಾಯಿ ನಿಜವಾಗಿ ಸೊಟ್ಟಗಿತ್ತು, ಕಣ್ಣಿನ ಮೂಲೆಯಲ್ಲಿ ಯಾವಾಗಲೂ ಪಿಸುರು ಇರುತ್ತಿತ್ತು. "ಐಯೋ ಸೂಪರ್ ಡೀ, ಇದ್ನ ಸತ್ರೂ ಮರೆಯಲ್ಲ," ಅಂದು ಗೆಳತಿ ನನ್ನ ತೊಡೆಗೆ ಹೊಡೆದಳು. ಒಂದು ವಾರದಲ್ಲಿ ಹದಿನಾಲ್ಕೂ ಹುಡುಗಿಯರ ಬಾಯಲ್ಲಿ ಅದೇ. ಕ್ಲಾಸಿನಲ್ಲಿ ಸರ್ ಮುಖ ನೋಡಿದರೆ ಸಾಕು, ಎರಡು ಸಾಲು ಮೂಳೆ ಜೋಡಿಸಿಟ್ಟ ಹಾಗೆ ಕಾಣುತ್ತಿತ್ತು. ಹುಡುಗರು ಏನಂತ ಕೇಳಿದರೆ, "ಗಂಡುಮಕ್ಕಳ ಮುಂದೆ ಹೇಳೋ ಹಾಗಿಲ್ಲ," ಅನ್ನುತ್ತಿದ್ದೆವು. ಅದರಷ್ಟು ರುಚಿಯಾದ ಮಾತು ಆ ವರ್ಷ ನಾನು ಇನ್ನೊಂದು ಆಡಲಿಲ್ಲ.

ಕೊರಳೆಲುಬಿಗೆ ಬೇರೆಯೇ ಮದ್ದು. ದಿನಾ ಬೆಳಿಗ್ಗೆ ಕಂದು ಹಸುವಿನ ಎದುರು ನಿಂತು ನನ್ನ ಕುತ್ತಿಗೆಯ ಕೆಳಗೆ ಬೆರಳಿಟ್ಟು, "ಇದು ನಿಂಗಿಲ್ಲ, ನಂಗೈತೆ," ಅನ್ನುತ್ತಿದ್ದೆ. ಅದು ಮೆಲುಕು ಹಾಕುತ್ತಾ ಕೇಳಿಸಿಕೊಳ್ಳುತ್ತಿತ್ತು.

ವರ್ಷದ ಕೊನೆಯ ವೈವಾಕ್ಕೆ ಹೊರಗಿನಿಂದ ಪರೀಕ್ಷಕರಾಗಿ ಒಬ್ಬ ಮೇಡಂ ಬಂದಿದ್ದರು, ತಲೆಯೆಲ್ಲ ನರೆತ ಹೆಂಗಸು. ಸರ್ ಅವರ ಪಕ್ಕದಲ್ಲಿ ಕೈಕಟ್ಟಿ ಕೂತಿದ್ದರು. ಮೇಡಂ ಒಂದು ತಟ್ಟೆಯಲ್ಲಿ ಎಂಟು ಸಣ್ಣ ಮೂಳೆ ಸುರಿದು, "ಜೋಡಿಸಮ್ಮ," ಅಂದರು. ನಾನು ಸರ್ ಮುಖವನ್ನು ಒಂದು ಸಲ ಚೆನ್ನಾಗಿ ನೋಡಿಕೊಂಡೆ. ಕೈ ತಾನಾಗಿ ಓಡಿತು. ತುಟಿಯೂ ಅಲ್ಲಾಡಿತು.

"ಏನದು ಗೊಣಗೋದು? ಹಸು ಮಂತ್ರಾನಾ?" ಅಂದರು ಸರ್.

ಮೇಡಂ ಮೂಳೆಗಳನ್ನು ನೋಡಿದರು, ಎಂಟೂ ಸರಿಯಿದ್ದವು. "ಏನೋ ಹೇಳಿಕೊಳ್ತಿದ್ದೆಯಲ್ಲ, ಏನಮ್ಮ ಅದು?"

"ನೆನಪಿಗೆ ಒಂದು ಸಾಲು ಮೇಡಂ. ಕನ್ನಡದ್ದು."

"ಹೇಳು, ನಾನೂ ಕಲೀತೀನಿ."

ಅಲ್ಲಿ ಸುಮ್ಮನಾಗಬಹುದಿತ್ತು. ಪಾಸು ಅಂಚಿನಲ್ಲಿ ನಿಂತಿತ್ತು, ಅರ್ಧದಷ್ಟು ಅಂಕ ಆ ಮನುಷ್ಯನ ಕೈಲಿತ್ತು. ಆದರೆ ಹಸು ಮಂತ್ರ ಅಂದದ್ದು ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. ಒಂದೊಂದೇ ಮೂಳೆಯ ಮೇಲೆ ಬೆರಳಿಟ್ಟು, ಸೊಟ್ಟಮೂತಿಯಿಂದ ಹ್ಯಾಪುಮೋರೆಯ ತನಕ ಎಂಟನ್ನೂ ಬಿಡಿಸಿ ಬಿಡಿಸಿ ಹೇಳಿದೆ. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. "ಯಾರಮ್ಮ ಈ ಪುಣ್ಯಾತ್ಮ?" ಅಂದರು. "ನಮ್ಮೂರಿನವರು ಮೇಡಂ," ಅಂದೆ. ಸರ್ ನಗಲಿಲ್ಲ. ಅವರಿಗೆ ಗೊತ್ತಾಗಿತ್ತು. ಕಿವಿ ಕೆಂಪಾಗಿದ್ದವು. ಎಲ್ಲಿ ಹೊಡೆದರೆ ಬೀಳುತ್ತಾಳೆ ಅಂತ ಯೋಚಿಸಿ ಕೇಳಿದರು: "ಭುಜದ ಮೂಳೆಗಳು?"

"ಮೂರು ಸರ್," ಅಂದು ಮೊದಲು ಕೊರಳೆಲುಬಿನ ಮೇಲೆ ಬೆರಳಿಟ್ಟೆ.

ರಿಸಲ್ಟ್ ಬಂದ ದಿನ ಬಂಗಾರಪೇಟೆಯಲ್ಲಿ ಒಂದು ಕಿಲೋ ಮೈಸೂರುಪಾಕು ಕೊಂಡುಕೊಂಡು ಊರಿಗೆ ಬಂದೆ. ಅಣ್ಣನ ಎದುರು ಪೊಟ್ಟಣ ಇಟ್ಟು, "ತಿನ್ನು, ಪಾಸು," ಅಂದೆ. ಅವನು ಒಂದು ತುಂಡು ಬಾಯಿಗೆ ಹಾಕಿಕೊಂಡು ಆಟೋ ಹತ್ತಿ ಹೋದ. ಗೆದ್ದ ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಮ್ಮ ಕೊಟ್ಟಿಗೆಯಲ್ಲಿದ್ದಳು. ಸಂಜೆಯ ಹಾಲು ಅರ್ಧ ಕರೆದು ಬಕೆಟ್ ಪಕ್ಕಕ್ಕಿಟ್ಟು ಬಲಗೈ ನೀವಿಕೊಳ್ಳುತ್ತಾ ಕೂತಿದ್ದಳು.

"ಅಮ್ಮಾ, ಪಾಸಾದೆ," ಅಂದೆ.

ಅವಳ ಮುಖ ಬಾಡಿಹೋಯಿತು. ನಾನು ಕಣ್ಣಾರೆ ಕಂಡೆ.

"ಯಾಕಮ್ಮಾ?"

"ನೀನ್ ಒಂಟೋದ್ರೆ ಎರಡೊತ್ತೂ ಯಾರೇ ಕರೆಯೋರು? ಈ ಕೈಲಿ ನಂಗಾಗಲ್ಲ ಕಣೇ," ಅಂದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: "ಊರಮ್ಮಂಗೆ ಅರಕೆ ಕಟ್ಕಂಡಿದ್ದೆ. ನೀನು ಫೇಲಾಗ್ಲಿ ಅಂತ. ಓದ್ ಕಿತಾನೂ ಕಟ್ಟಿದ್ದೆ."

ಹೋದ ಸಲ ಫೇಲಾದ ವಾರ ಮನೆಯಲ್ಲಿ ಕೋಳಿ ಕೊಯ್ದಿದ್ದರು. ನನ್ನ ಸಮಾಧಾನಕ್ಕೆ ಅಂದುಕೊಂಡು ಎರಡು ಸಲ ಬಡಿಸಿಕೊಂಡು ತಿಂದಿದ್ದೆ.

ನಾನು ಕಿರುಚಾಡಬೇಕಿತ್ತು. ಸರ್‌ಗೆ, ಅಣ್ಣನಿಗೆ ಅಷ್ಟು ಬೈಗುಳ ಇಟ್ಟುಕೊಂಡಿದ್ದ ನನಗೆ, ಅಮ್ಮನಿಗೆ ಅಂತ ಒಂದೂ ಸಿಗಲಿಲ್ಲ. ಸಿಟ್ಟಿನಿಂದಲೇ ಅವಳ ಬಲಗೈ ಎಳೆದುಕೊಂಡೆ. ಹೆಬ್ಬೆರಳಿನ ಬುಡ ಊದಿ ಉಬ್ಬಿತ್ತು. ಒತ್ತಿದರೆ ಒಳಗೆ ಮೂಳೆಗೆ ಮೂಳೆ ಉಜ್ಜುವುದು ನನ್ನ ಬೆರಳಿಗೆ ತಿಳಿಯುತ್ತಿತ್ತು. ಅವಳು ಉಸಿರು ಕಟ್ಟಿಕೊಂಡಳು. ವರ್ಷವಿಡೀ ಹಸುವಿನ ಕಾಲು ಮುಟ್ಟಿ ನೋಡಿದವಳು ಒಂದು ದಿನವೂ ಈ ಕೈ ಮುಟ್ಟಿ ನೋಡಿರಲಿಲ್ಲ.

"ಇದು ಟ್ರಪೀಜಿಯಂ," ಅಂದೆ. "ಸವೆದೋಗಿದೆ."

"ಸವೆದಿರೋದು ನಂಗೊತ್ತಿಲ್ವಾ?" ಅಂದು ಕೈ ಕಿತ್ತುಕೊಂಡಳು. "ಅದುಕ್ ಎಸ್ರು ಏನಾದ್ರೆ ನಂಗೇನು?"

ಬಕೆಟ್ ಎಳೆದುಕೊಂಡು ಕೆಚ್ಚಲಿಗೆ ಕೈ ಹಾಕಿದಳು. ನಾನು ಕರೆಯುತ್ತೇನೆ ಅಂದರೂ ಬಿಡಲಿಲ್ಲ. ಮುಂದಿನ ಸೋಮವಾರ ನಾನು ಉರಿಗಾಂನ ರೂಮಿಗೆ ಹೋದೆ. ಅವತ್ತಿನಿಂದ ಎರಡು ಹೊತ್ತೂ ಹಾಲು ಅವಳೇ ಕರೆದಳು.