ರೊಟ್ಟಿ ಒಲೆಯ ಬಿಸಿಗೆ ಹಳೇ ಕಾರ್ಡುಗಳ ಪರೀಕ್ಷೆ

ಶುಕ್ರವಾರ, ಬೆಳಗಿನ ಐದು ಗಂಟೆ. ಚುಂಗ್‌ಹೋ ಊರಿನ ಈ ಓಣಿಯಲ್ಲಿ ದೀಪ ಉರಿಯುತ್ತಿರುವುದು ಎರಡೇ ಕಡೆ. ಒಂದು, ಗೊಂಗ್ ಅವರ ಸೋಯಾ ಹಾಲಿನ ಅಂಗಡಿ. ಇನ್ನೊಂದು ಅದಕ್ಕೆ ಅಂಟಿಕೊಂಡ ಪುಟ್ಟ ಮಳಿಗೆ. ಶಟರ್ ಅರ್ಧಕ್ಕೆ ಎತ್ತಿದೆ. ಒಳಗೆ ಅರವತ್ತಮೂರು ವರ್ಷದ ಚಿಯೆನ್ ಸು-ಚಿನ್ ಮೊಣಕಾಲೂರಿ ಕೂತು, ಮುಚ್ಚಳ ಬಿಚ್ಚಿದ ಕಂಪ್ಯೂಟರೊಂದನ್ನು ಗೋಡೆಯ ಕಡೆಗೆ ಇನ್ನೂ ನಾಲ್ಕು ಬೆರಳು ತಳ್ಳುತ್ತಿದ್ದಾರೆ. ಗೋಡೆಯ ಆಚೆಗೆ ಗೊಂಗ್ ಅವರ ಎಳ್ಳುರೊಟ್ಟಿಯ ಒಲೆ. ಕೈಯಿಟ್ಟರೆ ಚುರ್ರೆನ್ನುವಷ್ಟು ಗೋಡೆ ಕಾದಿದೆ. ಸು-ಚಿನ್‌ಗೆ ಬೇಕಾಗಿರುವುದೂ ಆ ಬಿಸಿಯೇ.

"ಅಕ್ಕಾ, ನನ್ನ ರೊಟ್ಟಿ ಬೆಂದ್ವು. ನಿನ್ನ ಕಾರ್ಡು ಬೆಂತಾ?" ಆಚೆಯಿಂದ ಗೊಂಗ್ ಕೂಗುತ್ತಾರೆ.

"ಇನ್ನೂ ಹಸಿ ಕಣೋ. ಉರಿ ಮಾತ್ರ ಸಣ್ಣ ಮಾಡ್ಬೇಡ ಮಾರಾಯ."

"ರೊಟ್ಟಿ ಸೀದ್ರೆ?"

"ಸೀದಿದ್ದನ್ನ ನನಗೆ ಕೊಡು, ತಿಂತೀನಿ."

ನಾಲ್ಕು ದಿನದಿಂದ ತಿನ್ನುತ್ತಲೂ ಇದ್ದಾರೆ. ಪರದೆಯ ಮೇಲೆ ಕಾರುಗಳ ಓಟದ ಆಟವೊಂದು ಆಡುವವರಿಲ್ಲದೆ ತನ್ನಷ್ಟಕ್ಕೆ ತಾನೇ ನಡೆಯುತ್ತಿದೆ. ಯಾವ ಕಾರು ಮುಂದೆ, ಯಾವುದು ಹಿಂದೆ ಎಂಬುದರ ಗೊಡವೆ ಸು-ಚಿನ್‌ಗೆ ಎಳ್ಳಷ್ಟೂ ಇಲ್ಲ. ಪರದೆ ಕಪ್ಪಾಗುತ್ತದೋ ಇಲ್ಲವೋ, ಅಷ್ಟೇ ಅವರ ಚಿಂತೆ. ಇದು ಹತ್ತನೇ ಸುತ್ತು. ಭಾನುವಾರದೊಳಗೆ ಹದಿಮೂರು ಮುಗಿಯಬೇಕು. ಮುಗಿಯದಿದ್ದರೆ ಈ ಜಾತಿಯ ಕಾರ್ಡುಗಳನ್ನು ಲಿನಕ್ಸ್ ಎಂಬ, ಕಂಪ್ಯೂಟರ್ ನಡೆಸುವ ಉಚಿತ ತಂತ್ರಾಂಶ ತನ್ನ ಲೆಕ್ಕದಿಂದಲೇ ಕೈಬಿಡುತ್ತದೆ.

ಹಳೇ ಗ್ರಾಫಿಕ್ಸ್ ಕಾರ್ಡಿನ ಗೋಳನ್ನು ಯಾರು ಕೇಳುತ್ತಾರೆ, ಹೇಳಿ! ಪರದೆಯ ಮೇಲೆ ಚಿತ್ರ ಓಡಿಸುವುದು ಕಾರ್ಡಿನ ಕೆಲಸ. ಆ ಕಾರ್ಡಿಗೂ ಲಿನಕ್ಸ್‌ಗೂ ನಡುವೆ ನಿಂತು ಮಾತು ಮುಟ್ಟಿಸುವ ತಂತ್ರಾಂಶವೇ ಡ್ರೈವರ್. ಕಾರ್ಡು ತಯಾರಿಸಿದವರು ಇದರಿಂದ ಕೈತೊಳೆದುಕೊಂಡು ವರ್ಷಗಳೇ ಆದವು. ಅಂದಿನಿಂದ ಡ್ರೈವರನ್ನು ಉಸಿರಾಡಿಸಿಕೊಂಡು ಬಂದವರು ಊರೂರಿನಲ್ಲಿರುವ ಹವ್ಯಾಸಿಗಳು. ಬರೆಯುವವರಿಗೆ ಅಲ್ಪಸ್ವಲ್ಪ ಹೆಸರಾದರೂ ಸಿಗುತ್ತದೆ. ಬರೆದದ್ದನ್ನು ನಿಜವಾದ ಕಾರ್ಡಿಗೆ ಹಾಕಿ, ಗಂಟೆಗಟ್ಟಲೆ ಕಾದು, 'ಸರಿ ಇದೆ' ಅಥವಾ 'ಕೆಟ್ಟಿದೆ' ಎಂದು ಹೇಳುವವರನ್ನು ಯಾರೂ ಕೇಳುವುದಿಲ್ಲ. ಸು-ಚಿನ್ ಏಳು ವರ್ಷದಿಂದ ಮಾಡುತ್ತಿರುವುದು ಆ ಕೆಲಸವನ್ನು.

ಹೊಟ್ಟೆಪಾಡು ಬೇರೆ. ಜನ ಎಸೆದ, ಸುಟ್ಟ, ಫ್ಯಾನು ನಿಂತ ಕಾರ್ಡುಗಳನ್ನು ತಂದು, ತೊಳೆದು, ಬೆಸುಗೆ ಹಾಕಿ ಮಾರುತ್ತಾರೆ. ಹತ್ತು ಬಂದರೆ ನಾಲ್ಕು ಬದುಕುತ್ತವೆ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಅವರು ದುಡಿದದ್ದು ಕಾರ್ಡು ಜೋಡಿಸುವ ಕಾರ್ಖಾನೆಯ ಬಿಸಿಕೋಣೆಯಲ್ಲಿ. ತಯಾರಾದ ಕಾರ್ಡುಗಳನ್ನು ಕಾವು ತುಂಬಿದ ಆ ಕೋಣೆಯಲ್ಲಿ ಎಂಟು ಗಂಟೆ ಓಡಿಸಿ, ಉಳಿದದ್ದನ್ನು ಪಾಸ್ ಮಾಡಿ, ಬಿದ್ದದ್ದನ್ನು ಬುಟ್ಟಿಗೆ ಹಾಕಬೇಕು. ದಿನಕ್ಕೆ ಮುನ್ನೂರ ನಲವತ್ತು ಕಾರ್ಡು. "ಕುತ್ತಿಗೆಗೆ ಒದ್ದೆ ಟವೆಲ್ ಸುತ್ಕೊಂಡು ನಿಲ್ತಿದ್ವಿ. ಗಂಟೆಗೊಂದ್ಸಲ ಹಿಂಡಿದ್ರೆ ಲೋಟ ತುಂಬ ಬೆವರು," ಎನ್ನುತ್ತಾರೆ ಸು-ಚಿನ್. ಕಾರ್ಖಾನೆ ಸಮುದ್ರದಾಚೆಗೆ ಹೊರಟುಹೋಯಿತು. ಜೊತೆಯ ಹೆಂಗಸರಲ್ಲಿ ಕೆಲವರು ಆಸ್ಪತ್ರೆ ಆಯಾಗಳಾದರು, ಕೆಲವರು ತರಕಾರಿಗೆ ಕೂತರು. ಇವರಿಗೆ ಕಾರ್ಡು ಬಿಟ್ಟು ಬೇರೇನೂ ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ.

ನಾಲ್ಕು ವರ್ಷದ ಹಿಂದೆ ನಾನ್‌ಫಾಂಗ್‌ಆವ್ ಬಂದರಿನ ಮೀನುಗಾರರ ವಿಶ್ರಾಂತಿ ಕೋಣೆ ನಡೆಸುವವರು ಒಂಬತ್ತು ಕಂಪ್ಯೂಟರ್ ಕೇಳಿಕೊಂಡು ಬಂದರು. ಹೊಸದು ಕೊಳ್ಳುವ ತಾಕತ್ತು ಅವರಿಗಿರಲಿಲ್ಲ. ಸು-ಚಿನ್ ಗುಜರಿಯಿಂದ ಒಂದೇ ಜಾತಿಯ ಒಂಬತ್ತು ಕಾರ್ಡು ಆರಿಸಿ, ಲಿನಕ್ಸ್ ಹಾಕಿ ಜೋಡಿಸಿಕೊಟ್ಟರು. ಒಂದು ಕಾಲದಲ್ಲಿ ಅವರ ಕೈಯಿಂದಲೇ ಪಾಸಾಗಿ ಹೋದ ಕಾರ್ಡುಗಳವು. ದೋಣಿ ದಡ ಮುಟ್ಟಿದ ದಿನ ಇಂಡೊನೇಷ್ಯಾದ ಹುಡುಗರು, ಗಂಡಸರು ಅಲ್ಲಿ ಬಂದು ಕೂರುತ್ತಾರೆ. ಅವರಲ್ಲೊಬ್ಬ ತೆಗಾಲ್ ಊರಿನ ತಾರ್ಮುದಿ. ಬಲೆ ಎಳೆಯುವ ಕೆಲಸ. ಎಂಟು ವರ್ಷದ ಮಗಳು ಲೆಸ್ತಾರಿ ಊರಿನಲ್ಲಿ ಅಜ್ಜಿಯ ಮನೆಯಲ್ಲಿದ್ದಾಳೆ. ಮಗಳಿಗೆ ಮೂರು ತುಂಬುವ ಮೊದಲೇ ಬಂದವನು ಮತ್ತೆ ಹೋಗಿಲ್ಲ. ಅಪ್ಪ ಮಗಳು ಜೊತೆಗಿರುವುದು ಆ ಕಾರಿನ ಆಟದಲ್ಲಿ ಮಾತ್ರ: ಇವನು ಇಲ್ಲಿ ಓಡಿಸುತ್ತಾನೆ, ಅವಳು ಅಲ್ಲಿ.

"ಫೋನಲ್ಲಿ ಮಾತಾಡಿದ್ರೆ 'ಊಟ ಆಯ್ತಾ', 'ಆಯ್ತು', ಅಷ್ಟೇ ಚಿಕ್ಕಮ್ಮ. ಆಟ ಆಡುವಾಗ ಜಗಳ ಆಡ್ತಾಳೆ, ಬೈತಾಳೆ, ನಗ್ತಾಳೆ," ಎಂದು ತಾರ್ಮುದಿ ಒಮ್ಮೆ ಹೇಳಿದ್ದ. ಸು-ಚಿನ್ ಅದನ್ನು ಮರೆತಿಲ್ಲ.

ಡಿಸೆಂಬರಿನಲ್ಲಿ ಲಿನಕ್ಸ್‌ನ ಹೊಸ ಆವೃತ್ತಿ ಬಂತು. ಅಂದಿನಿಂದ ಒಂಬತ್ತೂ ಕಂಪ್ಯೂಟರುಗಳಲ್ಲಿ ಕಾಲು ಗಂಟೆ ಆಡುವಷ್ಟರಲ್ಲಿ ಪರದೆ ಕಪ್ಪು. ಹಳೆಯ ಆವೃತ್ತಿಗೆ ಮರಳೋಣವೆಂದರೆ ಕಾರಿನ ಆಟದ ಹೊಸ ರೂಪ ಅದರಲ್ಲಿ ನಡೆಯುವುದಿಲ್ಲ; ಎರಡೂ ತುದಿಯಲ್ಲಿ ಒಂದೇ ಆಟವಿರದಿದ್ದರೆ ಅಪ್ಪ ಮಗಳು ಸೇರುವ ಹಾಗಿಲ್ಲ. ಸು-ಚಿನ್ ಹಟ ಹಿಡಿದು ಕೂತರು. ಹಳೆಯದಕ್ಕೂ ಹೊಸದಕ್ಕೂ ನಡುವೆ ಎಂಟು ಸಾವಿರದಷ್ಟು ಬದಲಾವಣೆಗಳು. ನಟ್ಟನಡುವಿನದನ್ನು ಹಾಕಿ ನೋಡುವುದು. ಕೆಟ್ಟಿದ್ದರೆ ತಪ್ಪು ಅದರ ಹಿಂದಿದೆ, ಸರಿಯಿದ್ದರೆ ಮುಂದಿದೆ. ಉಳಿದರ್ಧದ ನಡುವೆ ಮತ್ತೆ ನೋಡುವುದು. ಹೀಗೆ ಹದಿಮೂರು ಸಲ ಅರ್ಧ ಮಾಡಿದರೆ ಕಳ್ಳ ಒಬ್ಬನೇ ಉಳಿಯುತ್ತಾನೆ.

ಮೊದಲ ಸಲ ಹುಡುಕಿದಾಗ ಉಳಿದದ್ದು ದಕ್ಷಿಣ ಕೊರಿಯಾದ ಶಾಲಾ ಮೇಷ್ಟ್ರು ಪ್ಯೊ ಎಂಬವರ ಬದಲಾವಣೆ. ಸು-ಚಿನ್ ಧೈರ್ಯವಾಗಿ ಡ್ರೈವರಿನ ಚರ್ಚೆಯ ಪುಟಕ್ಕೆ ಅವರ ಹೆಸರು ಬರೆದು ಕಳಿಸಿಬಿಟ್ಟರು. ಆ ಮನುಷ್ಯ ಎರಡು ದಿನ ಶಾಲೆಗೆ ರಜೆ ಹಾಕಿ ತಡಕಾಡಿದರು. ಅವರದು ಕೀಲಿಮಣೆಯ ದೀಪಕ್ಕೆ ಸಂಬಂಧಿಸಿದ ಸಾಲು! ಪರದೆಗೂ ಅದಕ್ಕೂ ಯಾವ ಬಾದರಾಯಣ ಸಂಬಂಧವೂ ಇರಲಿಲ್ಲ. ಅದೇ ಪುಟದಲ್ಲಿ ಯಾರೋ ಬರೆದರು: "ಆಂಟಿ ಹೋಗಿ ಕಡುಬು ಮಾಡಲಿ." ಡ್ರೈವರಿನ ಉಸ್ತುವಾರಿ ನೋಡುವ ಸೆಂಡಾಯಿ ನಗರದ ನುಕಾಗಾ ಮಾತ್ರ ಮರ್ಯಾದೆಯಿಂದಲೇ ಬರೆದರು. ಆದರೆ ಆ ಮರ್ಯಾದೆಯೇ ಹೆಚ್ಚು ಚುಚ್ಚಿತು. "ನಂಬುವಂಥ ಪರೀಕ್ಷೆಯೇ ಇಲ್ಲದ ಡ್ರೈವರನ್ನು ಉಳಿಸಿಕೊಂಡು ಏನು ಮಾಡುವುದು? ಬರುವ ಭಾನುವಾರದವರೆಗೆ ಕಾಯುತ್ತೇನೆ. ಆಮೇಲೆ ತೆಗೆಯುತ್ತೇನೆ."

ಎಲ್ಲಿ ಎಡವಿದೆ ಎಂಬುದು ಸು-ಚಿನ್‌ಗೆ ತಿಳಿದದ್ದು ಈ ಸೋಮವಾರ, ಬಂದರಿನ ಕೋಣೆಯಲ್ಲಿ. ಕಿಟಕಿ ಮುಚ್ಚಿದ ಕೋಣೆ, ಹತ್ತಾರು ಮೈಗಳ ಸೆಕೆ, ಮೂಲೆಯಲ್ಲಿ ಅನ್ನ ಬೇಯುತ್ತಿತ್ತು. ತಮ್ಮ ಮಳಿಗೆಯಲ್ಲಿ ಗಂಟೆಗಟ್ಟಲೆ ಓಡಿ 'ಸರಿ' ಅನ್ನಿಸಿಕೊಂಡಿದ್ದ ಆವೃತ್ತಿಯನ್ನೇ ಅಲ್ಲಿ ಹಾಕಿದರು. ಹದಿನೇಳನೇ ನಿಮಿಷಕ್ಕೆ ಪರದೆ ಕಪ್ಪು. ಕಂಪ್ಯೂಟರಿನ ಹಿಂಭಾಗಕ್ಕೆ ಕೈಯಿಟ್ಟು ನೋಡಿದವರೇ ಹಣೆ ಚಚ್ಚಿಕೊಂಡರು.

"ಜನವರಿ ಚಳೀಲಿ, ಶಟರ್ ತೆಗೆದಿಟ್ಟು, ತಣ್ಣಗಿರೋ ಕಾರ್ಡನ್ನ ನೋಡಿ 'ಸರಿ, ಸರಿ' ಅಂತ ಬರ್ಕೊಂಡಿದ್ದೆ! ಈ ಕಾರ್ಡು ಕೆಡೋದೇ ಕಾದ ಮೇಲೆ. ಬೇರೆ ಯಾರಾದ್ರೂ ಮಾಡಿದ್ರೆ ಹೋಗ್ಲಿ ಅನ್ಬಹುದಿತ್ತು. ಇಪ್ಪತ್ತೆರಡು ವರ್ಷ ಬಿಸಿಕೋಣೇಲಿ ನಿಂತವಳು ನಾನು. ನನಗೆ ನಾಚಿಕೆ ಆಗ್ಬೇಡ್ವಾ?" ಹೇಳುವಾಗ ಇವತ್ತಿಗೂ ಅವರ ಮುಖ ಕೆಂಪಗಾಗುತ್ತದೆ.

ಯಾವ ಸುತ್ತಿನ 'ಸರಿ' ಸುಳ್ಳು? ಒಂದು ಸುಳ್ಳಾದ ಮೇಲೆ ಯಾವುದನ್ನೂ ನಂಬುವ ಹಾಗಿಲ್ಲವೆಂದು ಹದಿಮೂರನ್ನೂ ಮೊದಲಿನಿಂದ ಶುರು ಮಾಡಿದರು. ತಲೆಗೂದಲು ಒಣಗಿಸುವ ಯಂತ್ರ ಹಿಡಿದು ನೋಡಿದರು. ಒಂದು ಮೂಲೆ ಸುಟ್ಟರೆ ಇನ್ನೊಂದು ಮೂಲೆ ತಣ್ಣಗೆ. ಕೊನೆಗೆ ಗೊಂಗ್ ಅವರ ಒಲೆಯ ನೆನಪಾಯಿತು. ಒಲೆ ಹೊತ್ತುವುದು ಬೆಳಗಿನ ನಾಲ್ಕಕ್ಕೆ, ಆರುವುದು ಒಂಬತ್ತೂವರೆಗೆ. ಒಂದು ಆವೃತ್ತಿ ಸಿದ್ಧಪಡಿಸಲು ಐವತ್ತು ನಿಮಿಷ, ಕಾಯಿಸಿ ನೋಡಲು ಮತ್ತೊಂದು ಐವತ್ತು. ಒಂದು ಬೆಳಗಿಗೆ ಮೂರೇ ಸುತ್ತು. ಮಂಗಳವಾರದಿಂದ ಗುರುವಾರಕ್ಕೆ ಒಂಬತ್ತು ಮುಗಿದವು. ಶುಕ್ರವಾರ ಹನ್ನೆರಡರ ತನಕ ತಲುಪಿದರು.

ಅಂದು ಮಧ್ಯಾಹ್ನ ಗೊಂಗ್ ಅಂಗಡಿಗೆ ಚೀಟಿ ಅಂಟಿಸುತ್ತಾರೆ: ಶನಿವಾರ, ಭಾನುವಾರ ರಜೆ. ಶಿಂಚು ಊರಿನಲ್ಲಿ ಅವರ ತಮ್ಮನ ಮಗಳ ನಿಶ್ಚಿತಾರ್ಥ. ಸು-ಚಿನ್ ಚೀಟಿಯನ್ನು ಓದುತ್ತಾರೆ. ಶುಭ ಕಾರ್ಯಕ್ಕೆ ಹೊರಟವನನ್ನು ಒಲೆ ಹಚ್ಚೆಂದು ಯಾವ ಬಾಯಿಂದ ಕೇಳುವುದು? ಒಂದೇ ಒಂದು ಸುತ್ತು ಬಾಕಿ. ಕಂಪ್ಯೂಟರಿಗೆ ಹೊದಿಸಿ ಕಾಯಿಸಲೆಂದು ಹಳೇ ಕಂಬಳಿ, ರಟ್ಟಿನ ಡಬ್ಬಿ ಹುಡುಕಿಟ್ಟುಕೊಂಡು ಮಲಗುತ್ತಾರೆ.

ಶನಿವಾರ ನಾಲ್ಕೂವರೆಗೆ ಶಟರ್ ಎತ್ತುವಾಗ ಗೋಡೆ ಆಗಲೇ ಬೆಚ್ಚಗಿದೆ. ಪಕ್ಕದಲ್ಲಿ ಇಣುಕಿದರೆ ಗೊಂಗ್ ಹೊಸ ಕೋಟಿನ ಮೇಲೆ ಹಿಟ್ಟು ಮೆತ್ತಿದ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತಿದ್ದಾರೆ. ರೊಟ್ಟಿಯ ಸುಳಿವೇ ಇಲ್ಲ.

"ಏನೋ ಇದು?"

"ಎಂಟು ಗಂಟೆ ಬಸ್ಸು. ಅಲ್ಲಿವರೆಗೆ ಉರಿಸ್ತೀನಿ. ಬೇಗ ಮುಗಿಸು. ಕೋಟಿಗೆ ಹೊಗೆ ವಾಸನೆ ಹತ್ತಿದ್ರೆ ನನ್ನ ಹೆಂಡ್ತಿ ನಿನಗೂ ಸೇರಿಸಿ ಮಂಗಳಾರತಿ ಎತ್ತುತ್ತಾಳೆ."

"ಬೈಯ್ಲಿ ಬಿಡೋ. ಇವತ್ತು ಎಷ್ಟು ಬೈದ್ರೂ ಕೇಳ್ತೀನಿ," ಎನ್ನುತ್ತಾ ಸು-ಚಿನ್ ಮಳಿಗೆಗೆ ಓಡುತ್ತಾರೆ.

ಆರೂ ಹತ್ತಕ್ಕೆ ಪರದೆ ಕಪ್ಪಾಗುತ್ತದೆ. ಕೆಟ್ಟಿತೆಂದು ಕುಣಿದು ಕುಪ್ಪಳಿಸಿದವರು ಲೋಕದಲ್ಲಿ ಇವರೊಬ್ಬರೇ ಇರಬೇಕು. ಕಳ್ಳ ಸಿಕ್ಕಿದ್ದ. ಕಾರ್ಡು ಕಾದಾಗ ವಿದ್ಯುತ್ ಉಳಿಸಲೆಂದು ಅದರ ವೇಗ ಇಳಿಸುವ ಒಂದು ಸಾಲು. ಹೊಸ ಕಾರ್ಡುಗಳು ಇಳಿದು ಮತ್ತೆ ಏಳುತ್ತವೆ. ಈ ಹಳೆಯವು ಇಳಿದರೆ ಏಳುವುದಿಲ್ಲ. ಬರೆದವರ ಹೆಸರು ನೋಡಿದರೆ, ನುಕಾಗಾ!

ಮುಯ್ಯಿ ತೀರಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಸು-ಚಿನ್ ಮೊದಲು ಬರೆದದ್ದು ಪ್ಯೊ ಮೇಷ್ಟ್ರಿಗೆ, ಅನುವಾದದ ಯಂತ್ರ ಮುಂದಿಟ್ಟುಕೊಂಡು: 'ನಾನು ತಣ್ಣಗಿನ ಕಾರ್ಡು ನೋಡಿ ನಿಮ್ಮ ಮೇಲೆ ಗೂಬೆ ಕೂರಿಸಿದೆ. ತಪ್ಪಾಯಿತು.' ಆಮೇಲೆ ನುಕಾಗಾಗೆ ಹದಿಮೂರು ಸುತ್ತಿನ ವಿವರ: ಎಷ್ಟು ಬಿಸಿ, ಎಷ್ಟು ನಿಮಿಷ, ಯಾವ ಗೋಡೆ. ಸಂಜೆಯೊಳಗೆ ಸೆಂಡಾಯಿಯಿಂದ ಉತ್ತರ ಬಂತು. "ಸಾಲು ನನ್ನದು, ತಪ್ಪೂ ನನ್ನದು. ಅದನ್ನು ತೆಗೆದಿದ್ದೇನೆ. ಡ್ರೈವರ್ ಉಳಿಯುತ್ತದೆ. ಪರೀಕ್ಷಿಸಿದವರು ಎಂಬಲ್ಲಿ ನಿಮ್ಮ ಹೆಸರು ಹಾಕಬಹುದೇ?" ಸು-ಚಿನ್ ಹಾಕಿ ಅಂದರು, ಜೊತೆಗೆ ಗೊಂಗ್ ಹೆಸರನ್ನೂ ಹಾಕಿ ಅಂದರು. ನುಕಾಗಾ ಯಾರದು ಎಂದೂ ಕೇಳದೆ ಎರಡನ್ನೂ ಹಾಕಿದ್ದಾರೆ.

ಮುಂದಿನ ಬುಧವಾರ ತಾರ್ಮುದಿಯ ದೋಣಿ ಬರುತ್ತದೆ. ಸು-ಚಿನ್ ಬೆಳಗಿನ ಬಸ್ಸಿಗೆ ನಾನ್‌ಫಾಂಗ್‌ಆವ್ ತಲುಪಿ, ಒಂಬತ್ತಕ್ಕೂ ಹೊಸ ಡ್ರೈವರ್ ಹಾಕಿ, ಕಿಟಕಿಗಳನ್ನು ಬೇಕೆಂದೇ ಮುಚ್ಚಿಸಿ ಕಾಯುತ್ತಾರೆ. ತಾರ್ಮುದಿ ಮೀನಿನ ವಾಸನೆಯ ಸಮೇತ ಬಂದು ಕೂರುತ್ತಾನೆ. ಪಕ್ಕದಲ್ಲಿಟ್ಟ ಫೋನಿನಲ್ಲಿ ಮಗಳ ಧ್ವನಿ. ಆಟ ಶುರುವಾಗುತ್ತದೆ. ಸು-ಚಿನ್ ಪರದೆಯ ಹಿಂದೆ ನಿಂತು ಒಂದು ಅಂಗೈಯನ್ನು ಕಂಪ್ಯೂಟರಿನ ಬೆನ್ನಿಗೆ ಒತ್ತಿ, ಇನ್ನೊಂದು ಕೈಯ ಗಡಿಯಾರವನ್ನೇ ನೋಡುತ್ತಿದ್ದಾರೆ.

"ಅಲ್ಯಾಕೆ ನಿಂತಿದ್ದೀರಿ ಚಿಕ್ಕಮ್ಮ? ಈ ಕಡೆ ಬಂದು ಆಟ ನೋಡಿ."

"ನನಗೆ ಆಟ ಗೊತ್ತಾಗಲ್ಲಪ್ಪ. ಬಿಸಿ ಗೊತ್ತಾಗುತ್ತೆ. ನೀನು ಓಡಿಸು."

ಕಾಲು ಗಂಟೆ ದಾಟುತ್ತದೆ. ಅರ್ಧ ಗಂಟೆಯೂ ದಾಟುತ್ತದೆ. ನಲವತ್ತನೇ ನಿಮಿಷಕ್ಕೆ ಫೋನಿನಿಂದ ಕಿಲಕಿಲ ನಗು, ಒಂದೇ ಸಮನೆ ಕೂಗು. "ಅಪ್ಪ ಸೋತ ಅಂತಿದ್ದಾಳೆ, ಊರಿಗೆಲ್ಲ ಕೇಳೋ ಹಾಗೆ," ಎನ್ನುತ್ತಾನೆ ತಾರ್ಮುದಿ. ಸೋತವನ ಮುಖದಲ್ಲಿ ಅಷ್ಟು ಸಂತೋಷವನ್ನು ಆ ಕೋಣೆ ಕಂಡಿರಲಿಕ್ಕಿಲ್ಲ. ಕೊನೆಗೂ ಸು-ಚಿನ್ ಕೈ ತೆಗೆದು, ಸುತ್ತಿಕೊಂಡು ಬಂದು ಅವನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಾರೆ. ಪರದೆಯ ಮೇಲೆ ಎರಡು ಪುಟ್ಟ ಕಾರುಗಳು ಅಕ್ಕಪಕ್ಕ ನಿಂತಿವೆ. ಅವರು ತುಂಬ ಹೊತ್ತು ಅದನ್ನೇ ನೋಡುತ್ತಾರೆ.

"ಇಪ್ಪತ್ತೆರಡು ವರ್ಷ ಕಾರ್ಡು ಪಾಸ್ ಮಾಡಿ ಡಬ್ಬಿಗೆ ಹಾಕಿದೀನಿ," ಎನ್ನುತ್ತಾರೆ ಮೆಲ್ಲಗೆ. "ಆಮೇಲೆ ಅದು ಯಾರ ಮನೆಗೆ ಹೋಯ್ತು, ಅಲ್ಲಿ ಯಾರು ಆಡಿದ್ರು, ಒಂದ್ಸಲಾನೂ ಕಂಡಿರ್ಲಿಲ್ಲ. ಇನ್ನೊಂದು ಆಟ ಆಡಪ್ಪ. ಈ ಸಲ ನಾನೂ ನೋಡ್ತೀನಿ."