ದೊರೆಯ ಬೂಟು, ಹಸಿ ನೆಲ

ಬಾಳೆಲೆ ಊರಿನ ಕಡೆಯ ಒಂದು ಎಸ್ಟೇಟಿನ ಬಂಗಲೆಗೆ ಮರದ ನೆಲ ಹಾಕಲು ಹೋಗಿದ್ದೆ. ತೇಗದ ಹಲಗೆಗಳು ಸಿದ್ಧವಾಗಿದ್ದವು. ಆದರೆ ಅವುಗಳ ಅಡಿಯ ಹೊಸ ಗಾರೆ ನೆಲ ಇನ್ನೂ ಹಸಿಯಾಗಿತ್ತು. ಅದರ ಮೇಲೆಯೇ ಹಲಗೆ ಹೊಡೆದರೆ ಒಂದು ಮಳೆಗಾಲದಲ್ಲಿ ಉಬ್ಬಿ ಏಳುತ್ತದೆ, ಕೆಟ್ಟ ಹೆಸರು ನನಗೆ ಬರುತ್ತದೆ.

“ಇನ್ನೆರಡು ತಿಂಗಳು ಒಣಗಬೇಕು” ಎಂದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಅದನ್ನು ಇಂಗ್ಲಿಷಿನಲ್ಲಿ ತೋಟದ ಬಿಳಿ ದೊರೆಗೆ ತಿಳಿಸಿದರು. ದೊರೆ ಬೂಟುಗಾಲಿನಿಂದ ನೆಲವನ್ನು ಕುಟ್ಟಿ ನೋಡಿ, ಒಣಗಿದೆ, ನಾಳೆಯೇ ಶುರುಮಾಡಲಿ ಎಂದರು.

“ಬೂಟು ಬಿಚ್ಚಿ ನಿಂತು ನೋಡಲಿಕ್ಕೆ ಹೇಳಿ, ರೈಟರೇ.”

ರೈಟರ ಮುಖ ಬಿಳುಚಿತು. “ನಿನಗೆ ತಲೆ ಸರಿ ಉಂಟಾ ಆಚಾರಿ? ಅದನ್ನು ನಾನು ಹೇಳುವುದಿಲ್ಲ.”

ನಾನೇ ದೊರೆಯ ಬೂಟು ತೋರಿಸಿ, ನನ್ನ ಬರಿಗಾಲು ತೋರಿಸಿ, ನೆಲ ತೋರಿಸಿದೆ. ಕೆಲಸ ಹೋಯಿತೆಂದೇ ಎಣಿಸಿದ್ದೆ. ಆದರೆ ದೊರೆ ಹಲಗೆ ರಾಶಿಯ ಮೇಲೆ ಕೂತು ಬೂಟು, ಕಾಲುಚೀಲ ಬಿಚ್ಚಿ, ಕೋಣೆಯ ಉದ್ದಕ್ಕೂ ನಿಧಾನವಾಗಿ ನಡೆದರು. ಕಿಟಕಿಯ ಹತ್ತಿರ ನಿಂತು, ತಮಗೆ ಬರುತ್ತಿದ್ದ ಅಷ್ಟಿಷ್ಟು ಕನ್ನಡದಲ್ಲಿ, “ತಣ್ಣಗೆ ಉಂಟು” ಎಂದರು.

ಕಿಟಕಿಗಳನ್ನೆಲ್ಲ ತೆರೆದಿಟ್ಟು ಎರಡು ತಿಂಗಳು ಕಾದು, ಆಮೇಲೆ ಹಲಗೆ ಹೊಡೆದೆವು. ಆ ನೆಲ ಯಾವ ಮಳೆಗಾಲಕ್ಕೂ ಏಳಲಿಲ್ಲ. ರೈಟರು ಮಾತ್ರ, ತೇವವನ್ನು ಕಂಡುಹಿಡಿದವರು ದೊರೆಗಳೇ ಎಂದು ಕೂಲಿ ಲೈನಿನವರಿಗೆಲ್ಲ ಹೇಳಿಕೊಂಡು ಬಂದರು.